ಬೂಷ್ಟು ಹಿಡಿದ ಕ್ಯಾಸೆಟ್‌ನಿಂದ ಮೌಗ್ಲಿಯ ದನಿ ಉಳಿಸಿಕೊಳ್ಳುವ ಬಗೆ

ಕೊಡಗಿನ ಹಳೆ ಮನೆಗಳ ಶೋಕೇಸಿನಲ್ಲಿ, ಮದುವೆ ಕ್ಯಾಸೆಟ್‌ಗಳ ಹಿಂದೆ, ಬೆನ್ನಿನ ಚೀಟಿಯ ಮೇಲೆ ಮಕ್ಕಳ ಕೈಬರಹದಲ್ಲಿ ‘ಮೌಗ್ಲಿ – ಅಳಿಸಬೇಡಿ’ ಎಂದು ಬರೆದ ಒಂದೋ ಎರಡೋ ವಿಎಚ್‌ಎಸ್ ಕ್ಯಾಸೆಟ್ ಇನ್ನೂ ಸಿಗುತ್ತವೆ. 1993ರಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ತೋರಿಸುತ್ತಿದ್ದ ‘ಜಂಗಲ್ ಬುಕ್’ ಧಾರಾವಾಹಿ ಅದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ ಆಡುವ ಮಕ್ಕಳೆಲ್ಲ ಒಂದೇ ಟಿವಿ ಮುಂದೆ ಕೂತು ಅರ್ಧಂಬರ್ಧ ತಿಳಿಯುವ ಹಿಂದಿಯಲ್ಲಿ ನೋಡಿದ ಕಾಡಿನ ಕತೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಆ ಧಾರಾವಾಹಿಯ ಚಿತ್ರ ಜಪಾನಿನದು. 1989ರಲ್ಲಿ ಅಲ್ಲಿ ಶುರುವಾದ 52 ಕಂತುಗಳ ಸರಣಿ. ಚಿತ್ರವನ್ನು ಇವತ್ತು ಡಿಸ್ಕ್‌ನಲ್ಲಿ ಇದಕ್ಕಿಂತ ಎಷ್ಟೋ ಸ್ವಚ್ಛವಾಗಿ ನೋಡಬಹುದು. ಇಲ್ಲಿನದು ಅಂದರೆ ದನಿ. ಹುಲಿ ಶೇರ್ ಖಾನ್‌ಗೆ ನಟ ನಾನಾ ಪಾಟೇಕರ್ ಕೊಟ್ಟ ಗಂಟಲು, ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಶೀರ್ಷಿಕೆ ಗೀತೆ, ನಡುವೆ ಬರುವ ಜಾಹೀರಾತು, ಆವತ್ತು ಪ್ರಸಾರವಾದ ಹಾಗೇ ಇರುವುದು ಇಂಥ ಕ್ಯಾಸೆಟ್‌ಗಳಲ್ಲಿ. ಹಾಗಾಗಿ ಡಬ್ ಆದ ಕಾರ್ಟೂನಿನ ಕ್ಯಾಸೆಟ್ ಕೈಗೆ ಸಿಕ್ಕಾಗ ಮೊದಲು ಉಳಿಸಬೇಕಾದದ್ದು ಧ್ವನಿ, ಆಮೇಲೆ ಚಿತ್ರ. ಕೆಳಗಿನ ಕ್ರಮವೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಮೊದಲು ಹಾಳಾಗುವುದೂ ಧ್ವನಿಯೇ

ವಿಎಚ್‌ಎಸ್ ಟೇಪಿನ ಅಗಲ 12.65 ಮಿ.ಮೀ. ಚಿತ್ರ ಟೇಪಿನ ನಡುಭಾಗದಲ್ಲಿ ಓರೆ ಗೆರೆಗಳಾಗಿ ಕೂತಿರುತ್ತದೆ. ಧ್ವನಿ ಮಾತ್ರ ಮೇಲಂಚಿನಲ್ಲಿ ಕೇವಲ 1 ಮಿ.ಮೀ. ಅಗಲದ ಪಟ್ಟಿಯಾಗಿ ಉದ್ದಕ್ಕೂ ಓಡುತ್ತದೆ. ಕೆಳ ಅಂಚಿನಲ್ಲಿ ಕಂಟ್ರೋಲ್ ಟ್ರ್ಯಾಕ್. ಟೇಪ್ ಯಾವ ವೇಗದಲ್ಲಿ ಓಡಬೇಕು ಎಂದು ಕ್ಯಾಸೆಟ್ ನುಡಿಸುವ ಯಂತ್ರವಾದ ವಿಸಿಆರ್‌ಗೆ ಹೇಳುವುದು ಅದು. ಸುತ್ತಿಟ್ಟ ಟೇಪಿನಲ್ಲಿ ಗಾಳಿಗೆ ತೆರೆದಿರುವುದು ಎರಡೂ ಅಂಚುಗಳೇ. ಬೂಷ್ಟು ಹತ್ತುವುದೂ ಅಲ್ಲಿಂದಲೇ. ಚಿತ್ರ ಚೆನ್ನಾಗಿದ್ದರೂ ಮಾತು ಮಂಕಾಗಿ ತಡೆತಡೆದು ಬರುವುದಕ್ಕೆ ಇದೇ ಕಾರಣ. ಕೆಳ ಅಂಚು ತಿಂದುಹೋಗಿದ್ದರೆ ವೇಗ ತಪ್ಪಿ ದನಿ ಒಮ್ಮೆ ಎಳೆಯುತ್ತದೆ, ಒಮ್ಮೆ ಕೀಚಲಾಗುತ್ತದೆ.

ಇನ್ನೊಂದು ಕಷ್ಟ ವೇಗದ್ದು. ಎಸ್‌ಪಿ (ಸ್ಟ್ಯಾಂಡರ್ಡ್ ಪ್ಲೇ) ಎಂಬ ಮಾಮೂಲಿ ವೇಗದಲ್ಲಿ ಟೇಪ್ ಸೆಕೆಂಡಿಗೆ 23.39 ಮಿ.ಮೀ. ಓಡುತ್ತದೆ, ಸಾದಾ ಆಡಿಯೋ ಕ್ಯಾಸೆಟ್ಟಿನ ಅರ್ಧದಷ್ಟು. ಎಲ್‌ಪಿಯಲ್ಲಿ (ಲಾಂಗ್ ಪ್ಲೇ) ಅದರಲ್ಲೂ ಅರ್ಧ. ಅರ್ಧ ಗಂಟೆಯ ಕಂತು ಎಂದರೆ 180 ನಿಮಿಷದ ಇ-180 ಕ್ಯಾಸೆಟ್ಟಿನಲ್ಲಿ ಎಸ್‌ಪಿಯಲ್ಲಿ 6, ಎಲ್‌ಪಿಯಲ್ಲಿ 12 ಕಂತು ಹಿಡಿಯುತ್ತವೆ. ಇಡೀ ಸರಣಿಗೆ 9 ಕ್ಯಾಸೆಟ್ ಬೇಕಾದಲ್ಲಿ 5ರಲ್ಲಿ ಮುಗಿಯುತ್ತದೆ ಎಂದು ಎಲ್‌ಪಿಯಲ್ಲಿ ರೆಕಾರ್ಡ್ ಮಾಡಿದವರಿದ್ದಾರೆ. ಅಂಥ ಕ್ಯಾಸೆಟ್ಟಿನಲ್ಲಿ ಸ, ಶ ಅಕ್ಷರಗಳು ಮೊದಲಿನಿಂದಲೇ ಮಂಕು. ಅದನ್ನು ಬೂಷ್ಟಿನ ಲೆಕ್ಕಕ್ಕೆ ಬರೆಯಬೇಡಿ.

ಯಾವಾಗ ಮಾಡಬೇಕು

ಹುತ್ತರಿ ಕಳೆದ ಮೇಲಿಂದ ಹೂಮಳೆ ಬೀಳುವವರೆಗೆ, ಅಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಕಣದಲ್ಲಿ ಕಾಫಿ ಒಣಗುವ ಹೊತ್ತೇ ಕ್ಯಾಸೆಟ್ಟಿಗೂ ಸರಿಯಾದ ಹೊತ್ತು. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯುತ್ತದೆ. ಭಾಗಮಂಡಲ, ಮಡಿಕೇರಿ ಕಡೆ ಮಳೆಗಾಲವಿಡೀ ಮನೆಯೊಳಗೇ ಅದಕ್ಕಿಂತ ಹೆಚ್ಚಿರುತ್ತದೆ. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳು) ಕ್ಯಾಸೆಟ್ ಬಿಚ್ಚಿ ಒರೆಸಿದರೆ ಬೂಷ್ಟು ಪುಡಿಯಾಗಿ ಉದುರುವುದಿಲ್ಲ, ಒದ್ದೆ ಹಿಟ್ಟಿನ ಹಾಗೆ ಟೇಪಿನ ಮೇಲೆ ಸವರಿಕೊಳ್ಳುತ್ತದೆ. ತೇವಾಂಶ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತಂದಿಡಿ. ಕೋಣೆಯಲ್ಲಿ ಶೇ. 55ಕ್ಕಿಂತ ಕೆಳಗಿದ್ದ ದಿನ ಕೆಲಸ ಮಾಡಿ. ಕುಶಾಲನಗರದ ಕಡೆ ನೆಂಟರ ಮನೆಯಿದ್ದರೆ ಇನ್ನೂ ಅನುಕೂಲ, ಅಲ್ಲಿ ಗಾಳಿ ಒಣ.

ಒಣಗಿಸುವುದು ಎಂದ ಕೂಡಲೇ ಕೈ ಬಿಸಿಲಿನ ಕಡೆ ಹೋಗುತ್ತದೆ. ಕ್ಯಾಸೆಟ್ಟನ್ನು ದಯವಿಟ್ಟು ಕಾಳುಮೆಣಸಿನ ಪಕ್ಕ ಬಿಸಿಲಿಗೆ ಹರಡಬೇಡಿ. ಕಪ್ಪು ಪ್ಲಾಸ್ಟಿಕ್ ಬಿಸಿಲಲ್ಲಿ ಬೇಗ ಕಾಯುತ್ತದೆ, ಟೇಪ್ ಹಿಗ್ಗಿ ಅಂಚು ಅಲೆಅಲೆಯಾಗುತ್ತದೆ. ಆಮೇಲೆ ವಿಸಿಆರ್‌ನಲ್ಲಿ ಧ್ವನಿಯನ್ನು ಓದುವ ಭಾಗವಾದ ಹೆಡ್‌ಗೆ ಆ ಅಂಚು ಸರಿಯಾಗಿ ತಾಗುವುದೇ ಇಲ್ಲ. ಒಲೆಯ ಮೇಲಿನ ಅಟ್ಟವೂ ಬೇಡ. ಹೊಗೆಯ ಜಿಡ್ಡು ಕೂತರೆ ಬೂಷ್ಟಿಗಿಂತ ಕಷ್ಟ.

ಸರಿಯಾದ ದಾರಿ ಹೀಗೆ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತನ್ನಿ. 10 ಕ್ಯಾಸೆಟ್ಟಿಗೆ 250 ಗ್ರಾಂ ಸಿಲಿಕಾ ಜೆಲ್, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ. ನೀಲಿಯದರಲ್ಲಿ ವಿಷದ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಕ್ಯಾಸೆಟ್‌ಗಳನ್ನು ಕವರಿನಿಂದ ತೆಗೆದು, ಪುಸ್ತಕದ ಹಾಗೆ ನಿಲ್ಲಿಸಿ, ನಡುವೆ ಬೆರಳಗಲ ಜಾಗ ಬಿಟ್ಟು ಮುಚ್ಚಿಡಿ. ಎರಡರಿಂದ ಮೂರು ವಾರ ಬೇಕು. ಜೆಲ್ ಬಣ್ಣ ತಿರುಗಿದರೆ ಬದಲಿಸಿ. ತೇವ ಹೋದ ಮೇಲೆ ಬೂಷ್ಟು ಸುಪ್ತವಾಗಿ ಪುಡಿಪುಡಿಯಾಗುತ್ತದೆ, ಬ್ರಷ್‌ಗೆ ಬರುತ್ತದೆ. ಕ್ಯಾಸೆಟ್ಟನ್ನು ಅಕ್ಕಿ ಡಬ್ಬದಲ್ಲಿ ಹುದುಗಿಸುವುದು ಬೇಡ, ಅಕ್ಕಿಯ ಹುಡಿ ಒಳಗೆ ಹೋಗುತ್ತದೆ.

ಬೂಷ್ಟು ಇದೆಯೋ ಇಲ್ಲವೋ

ಟಾರ್ಚ್ ಹಿಡಿದು ಕ್ಯಾಸೆಟ್ಟಿನ ಕಿಟಕಿಯ ಮೂಲಕ ಓರೆಯಾಗಿ ನೋಡಿ. ಒಳ್ಳೆಯ ಟೇಪಿನ ಸುತ್ತು ಕನ್ನಡಿಯ ಹಾಗೆ ಕರಿದಾಗಿ ಹೊಳೆಯುತ್ತದೆ. ಬೂಷ್ಟಿದ್ದರೆ ಬಿಳಿ ಅಥವಾ ಬೂದುಬಣ್ಣದ ಚುಕ್ಕೆಗಳು, ಕೆಲವೊಮ್ಮೆ ನಡುವಿನಿಂದ ಹೊರಗೆ ಚಾಚಿದ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆ. ಕಿಟಕಿಗೆ ಒಳಗಿನಿಂದ ಹತ್ತಿದ ಧೂಳನ್ನು ಬೂಷ್ಟು ಎಂದುಕೊಳ್ಳಬೇಡಿ. ರೀಲನ್ನು ಸ್ವಲ್ಪ ತಿರುಗಿಸಿ ನೋಡಿ, ಚುಕ್ಕೆಯೂ ಜೊತೆಗೆ ತಿರುಗಿದರೆ ಅದು ಟೇಪಿನ ಮೇಲಿನದು. ಕೈಯಲ್ಲಿ ತಿರುಗಿಸಲು ಕ್ಯಾಸೆಟ್ಟಿನ ತಳದಲ್ಲಿ, ಎರಡು ರೀಲುಗಳ ನಡುವಿರುವ ಸಣ್ಣ ತೂತಿಗೆ ಪೆನ್ಸಿಲಿನ ಮೊನೆ ಒತ್ತಬೇಕು, ಆಗ ರೀಲಿನ ಬ್ರೇಕ್ ಬಿಡುತ್ತದೆ. ಬ್ರೇಕ್ ಬಿಡಿಸದೆ ತಿರುಗಿಸಿದರೆ ಒಳಗಿನ ಸಣ್ಣ ಹಲ್ಲು ಮುರಿಯುತ್ತದೆ.

ಬೂಷ್ಟು ಕಂಡ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ‘ಒಮ್ಮೆ ಹಾಕಿ ನೋಡೋಣ’ ಎಂದು ವಿಸಿಆರ್‌ಗೆ ತುರುಕಬೇಡಿ. ಹೆಡ್ ಇರುವ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೂಷ್ಟಿನ ಗಂಟು ಹೆಡ್‌ಗೆ ಮೆತ್ತಿಕೊಂಡರೆ ಟೇಪ್ ಗೀರಿಹೋಗುತ್ತದೆ. ಆ ಯಂತ್ರಕ್ಕೆ ಆಮೇಲೆ ಹಾಕುವ ಪ್ರತಿಯೊಂದು ಕ್ಯಾಸೆಟ್ಟಿಗೂ ಅದೇ ಬೂಷ್ಟು ದಾಟುತ್ತದೆ.

ಬಿಚ್ಚಿ ಒರೆಸುವುದು

ಜಗಲಿಯಲ್ಲೋ ಅಂಗಳದ ನೆರಳಿನಲ್ಲೋ ಕೂತು ಮಾಡಿ, ಗಾಳಿ ನಿಮ್ಮ ಬೆನ್ನಿನಿಂದ ಬೀಸುವಂತೆ. ಎನ್95 ಮಾಸ್ಕ್, ರಬ್ಬರ್ ಕೈಗವಸು ಕಡ್ಡಾಯ. ಆಸ್ತಮಾ ಇರುವವರು ಈ ಹಂತವನ್ನು ಬೇರೆಯವರಿಗೆ ಬಿಡಬೇಕು.

ಮೊದಲು ಚೀಟಿಯ ಫೋಟೋ ತೆಗೆದುಕೊಳ್ಳಿ, ಆ ಕೈಬರಹವೂ ಉಳಿಯಬೇಕಾದದ್ದೇ. ಚೀಟಿ ಎರಡು ಹೋಳುಗಳ ಕೂಡಿಕೆಯ ಮೇಲೆ ಅಂಟಿದ್ದರೆ ಬ್ಲೇಡಿನಿಂದ ಕೂಡಿಕೆಯ ಗೆರೆಯಲ್ಲೇ ಕೊಯ್ಯಿ. ತಳದಲ್ಲಿ 5 ಸ್ಕ್ರೂ ಇರುತ್ತವೆ, ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಬಿಚ್ಚಿದ ಮೇಲೆ ಎರಡೂ ಹೋಳನ್ನು ಒತ್ತಿಹಿಡಿದು ಕಿಟಕಿ ಮೇಲೆ ಬರುವಂತೆ ಮಗುಚಿ, ನಿಧಾನಕ್ಕೆ ಮೇಲಿನದನ್ನು ಎತ್ತಿ. ಕೂಡಲೇ ಇನ್ನೊಂದು ಫೋಟೋ: ಟೇಪ್ ಯಾವ ರೋಲರಿನ ಹೊರಗಿನಿಂದ, ಯಾವ ಕಂಬದ ಒಳಗಿನಿಂದ ಹೋಗಿದೆ ಎಂಬುದು ಸ್ಪಷ್ಟವಾಗಿ ಕಾಣಬೇಕು. ಬ್ರೇಕಿನ ಸ್ಪ್ರಿಂಗ್, ಮುಂದಿನ ಮೂಲೆಯ ರೋಲರ್ ಹಾರಿಬೀಳುವ ವಸ್ತುಗಳು. ಕೆಳಗೊಂದು ಬಿಳಿ ಬಟ್ಟೆ ಹಾಸಿರಿ.

ಸುತ್ತಿನ ಎರಡೂ ಮುಖಗಳನ್ನು ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ನಡುವಿನಿಂದ ಹೊರಗೆ ಎಳೆಯುವುದಲ್ಲ, ಸುತ್ತಿನ ದಿಕ್ಕಿಗೇ ಸವರಬೇಕು. ಅಡ್ಡ ಎಳೆದರೆ ಅಂಚು ಮಡಚಿಕೊಳ್ಳುತ್ತದೆ, ಮಡಚಿದ್ದು ಧ್ವನಿಯ ಪಟ್ಟಿಯೇ. ಆಮೇಲೆ ರೀಲುಗಳನ್ನು ಬೇರೊಂದು ಸ್ವಚ್ಛ ಕ್ಯಾಸೆಟ್ಟಿನ ಗೂಡಿಗೆ ಹಾಕಿ. ಯಾರಿಗೂ ಬೇಡದ ಹಳೆ ಸಿನಿಮಾ ಕ್ಯಾಸೆಟ್ ಇದಕ್ಕೆ ಸಾಕು. ಹಳೆ ಗೂಡಿನ ಮೂಲೆಗಳಲ್ಲಿ ಬೀಜಕಣ ಉಳಿದೇ ಇರುತ್ತವೆ.

ಈಗ ಟೇಪನ್ನು ಉದ್ದಕ್ಕೂ ಒರೆಸಬೇಕು. ಇ-180ರಲ್ಲಿ ಸುಮಾರು 258 ಮೀಟರ್ ಟೇಪ್ ಇರುತ್ತದೆ, ಕೈಯಲ್ಲಿ ಸುತ್ತಲು ತಾಳ್ಮೆ ಬೇಕು. ಹಳೆಯ ಕ್ಯಾಸೆಟ್ ರಿವೈಂಡರ್ ಸಿಕ್ಕರೆ ಒಳ್ಳೆಯದು. ಕ್ಯಾಸೆಟ್ಟಿನ ಮುಂದಿನ ಬಾಗಿಲು ತೆಗೆದು, ನಾಲ್ಕು ಮಡಿಕೆಯ ಮೈಕ್ರೋಫೈಬರ್ ಬಟ್ಟೆಯ ನಡುವೆ ಟೇಪ್ ಹಾದುಹೋಗುವಂತೆ ಎರಡು ಬೆರಳಲ್ಲಿ ಹಗುರಾಗಿ ಹಿಡಿಯಿರಿ. ಹಿಡಿತ ಎಷ್ಟಿರಬೇಕೆಂದರೆ ರಿವೈಂಡರಿನ ಸದ್ದು ಬದಲಾಗಬಾರದು. ಮೋಟಾರು ತಿಣುಕಿದರೆ ನೀವು ಹೆಚ್ಚು ಒತ್ತುತ್ತಿದ್ದೀರಿ, ಟೇಪ್ ಎಳೆಯಲ್ಪಟ್ಟು ಉದ್ದವಾಗುತ್ತದೆ. ಒಂದೆರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಬಟ್ಟೆಯ ಮುಖ ಬದಲಿಸಿ. ಮುಂದಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ. ಒಣ ಬಟ್ಟೆಗೆ ಹೋಗದ ಕಲೆಗೆ ಮಾತ್ರ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ, ಅದು ಆರಿದ ಮೇಲೆಯೇ ಸುತ್ತಿ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಜೆಲ್ಲೂ ಇರುತ್ತದೆ.

ಟೇಪ್ ತುಂಡಾಗಿದ್ದರೆ ಸೆಲ್ಲೋಟೇಪ್ ಹಾಕಬೇಡಿ. ಅದರ ಅಂಟು ಒಸರಿ ಹೆಡ್ಡನ್ನು ಕೊಲ್ಲುತ್ತದೆ. ತುಂಡನ್ನು ಜೋಡಿಸುವ ಬದಲು ಎರಡು ಭಾಗಗಳನ್ನು ಎರಡು ಬೇರೆ ಗೂಡುಗಳಲ್ಲಿ ಹಾಕಿ ಬೇರೆಬೇರೆಯಾಗಿ ನುಡಿಸುವುದು ಕ್ಷೇಮ. ಕಂಪ್ಯೂಟರಿನಲ್ಲಿ ಆಮೇಲೆ ಕೂಡಿಸಿದರಾಯಿತು.

ವಿಸಿಆರ್

ಹಳೆ ವಿಸಿಆರ್ ಕೊಳ್ಳುವಾಗ ನೋಡಬೇಕಾದದ್ದು ಮೂರು: ಟೇಪನ್ನು ತಡವರಿಸದೆ ಒಳಗೆಳೆಯುತ್ತದೆಯೇ (ಇದು ಬೆಲ್ಟಿನ ಪರೀಕ್ಷೆ), ಹೊರತಂದ ಟೇಪಿನ ಅಂಚು ಸುಕ್ಕಾಗಿಲ್ಲವೇ (ಇದು ಟೇಪ್ ಎಳೆಯುವ ರಬ್ಬರ್ ಪಿಂಚ್ ರೋಲರಿನದು), ಚಿತ್ರ-ಧ್ವನಿ ಹೊರತರುವ ಎವಿ ಔಟ್ ಇದೆಯೇ. ಮೊದಲ ಪರೀಕ್ಷೆ ಯಾವತ್ತೂ ಬೇಡದ ಕ್ಯಾಸೆಟ್ಟಿನಿಂದ. ತಣ್ಣನೆ ಕೋಣೆಯಿಂದ ಯಂತ್ರವನ್ನೂ ಕ್ಯಾಸೆಟ್ಟನ್ನೂ ತಂದಿದ್ದರೆ ಒಂದು ದಿನ ಕೆಲಸದ ಕೋಣೆಯಲ್ಲೇ ಇರಲಿ. ಇಲ್ಲದಿದ್ದರೆ ಡ್ರಮ್ಮಿನ ಮೇಲೆ ಇಬ್ಬನಿ ಕಟ್ಟಿ ಟೇಪ್ ಅಂಟಿಕೊಳ್ಳುತ್ತದೆ.

ಹೆಡ್ ತೊಳೆಯಲು ಕಿವಿಗೆ ಹಾಕುವ ಹತ್ತಿಕಡ್ಡಿ ಬಳಸಬಾರದು, ಎಳೆ ಸಿಕ್ಕಿ ಹೆಡ್ಡಿನ ತುದಿ ಮುರಿಯುತ್ತದೆ. ಬಿಳಿ ಝೆರಾಕ್ಸ್ ಕಾಗದದ ಎರಡು ಬೆರಳಗಲದ ಪಟ್ಟಿಯನ್ನು ಆಲ್ಕೋಹಾಲಿನಲ್ಲಿ ನೆನೆಸಿ, ಡ್ರಮ್ಮಿನ ಪಕ್ಕಕ್ಕೆ ಅಲುಗಾಡದಂತೆ ತಾಗಿಸಿಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮಿನ ನೆತ್ತಿ ಹಿಡಿದು ಅದನ್ನೇ ತಿರುಗಿಸಿ. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಹೋಯಿತು. ಧ್ವನಿಯ ಹೆಡ್ ಬೇರೆಯೇ ಇದೆ: ಡ್ರಮ್ಮಿನ ಬಲಕ್ಕೆ, ರಬ್ಬರ್ ರೋಲರಿನ ಮೊದಲು ನಿಂತಿರುವ ಸಣ್ಣ ಲೋಹದ ಗಟ್ಟಿ. ಅದಕ್ಕೆ ಹತ್ತಿಕಡ್ಡಿ ಆಗಬಹುದು. ಇದನ್ನು ಮರೆಯುವವರೇ ಹೆಚ್ಚು, ನಮ್ಮ ಕೆಲಸಕ್ಕೆ ಮಾತ್ರ ಇದೇ ಮುಖ್ಯ.

ಮೆನುವಿನಲ್ಲಿ ಬ್ಲೂ ಸ್ಕ್ರೀನ್ ಇದ್ದರೆ ಆಫ್ ಮಾಡಿ. ಬೆಟ್ಟದ ಮರೆಯ ಮನೆಗಳಲ್ಲಿ ಅಂಟೆನಾ ತಿರುಗಿಸಿ ತಿರುಗಿಸಿ ಹಿಡಿದ ಚಿತ್ರದಲ್ಲಿ ಹುಳಗಳೇ ಹೆಚ್ಚು. ಸಿಗ್ನಲ್ ದುರ್ಬಲ ಎಂದು ಕಂಡೊಡನೆ ಯಂತ್ರ ಪರದೆಯನ್ನು ನೀಲಿ ಮಾಡಿ, ಬಹಳ ಸಲ ಧ್ವನಿಯನ್ನೂ ಮುಚ್ಚಿಬಿಡುತ್ತದೆ. ಹೈಫೈ ವಿಸಿಆರ್ ಆದರೆ ಧ್ವನಿಯನ್ನು ‘ನಾರ್ಮಲ್’ಗೆ ಇಡಿ, ಮೋನೋ ಯಂತ್ರದಲ್ಲಿ ರೆಕಾರ್ಡ್ ಆದ ಟೇಪಿನಲ್ಲಿ ಹೈಫೈ ಟ್ರ್ಯಾಕ್ ಇರುವುದೇ ಇಲ್ಲ.

ಕರೆಂಟಿನ ವಿಷಯ ಬಿಡುವಂತಿಲ್ಲ. ಟೇಪ್ ಓಡುತ್ತಿರುವಾಗ ಕರೆಂಟು ಹೋದರೆ ಅದು ಡ್ರಮ್ಮಿಗೆ ಸುತ್ತಿಕೊಂಡೇ ನಿಲ್ಲುತ್ತದೆ. ವಿಸಿಆರ್ ಮತ್ತು ಕಂಪ್ಯೂಟರ್ ಎರಡನ್ನೂ 600 ವಿಎ ಯುಪಿಎಸ್‌ಗೆ ಹಾಕಿ. ಸಿಕ್ಕಿಕೊಂಡರೆ ಎಳೆಯಬೇಡಿ, ಕರೆಂಟು ಬಂದ ಮೇಲೆ ಎಜೆಕ್ಟ್ ಒತ್ತಿದರೆ ಸಾಮಾನ್ಯವಾಗಿ ಯಂತ್ರವೇ ಬಿಡಿಸಿ ಕೊಡುತ್ತದೆ.

ದನಿಯನ್ನು ಹಿಡಿಯುವುದು

ಒರೆಸಿದ ಟೇಪಿನ ಮೊದಲ ಓಟವೇ ಕೊನೆಯದಾಗಲೂಬಹುದು. ಆದ್ದರಿಂದ ರೆಕಾರ್ಡಿಂಗ್ ಮೊದಲು ಶುರು, ಪ್ಲೇ ಆಮೇಲೆ. ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಹಲ್ಲು ಇನ್ನೂ ಇದ್ದರೆ ಮುರಿದುಬಿಡಿ, ಆಮೇಲೆ ಅಪ್ಪಿತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗದು.

ಹಳದಿ ಜ್ಯಾಕ್ ಚಿತ್ರಕ್ಕೆ, ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್‌ಗೆ ಹೋಗುತ್ತದೆ. ಧ್ವನಿಯನ್ನೂ ಆ ಸ್ಟಿಕ್ಕಿಗೇ ಕೊಡುವುದು ವಾಡಿಕೆ. ಅಗ್ಗದ ಸ್ಟಿಕ್‌ಗಳು ಧ್ವನಿಯ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ, ಮೌನದಲ್ಲಿ ಭೋರ್ಗರೆತ ಕೇಳುತ್ತದೆ. ಧ್ವನಿಯ ತಂತಿಯನ್ನು ಕವಲೊಡೆಸಿ ಒಂದನ್ನು ಸ್ಟಿಕ್ಕಿಗೂ ಇನ್ನೊಂದನ್ನು ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡಿಗೂ ಕೊಡಿ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಮೋನೋ, 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಅತಿ ಜೋರಾದ ಜಾಗ, ಅಂದರೆ ಶೇರ್ ಖಾನ್ ಗರ್ಜನೆಯೋ ಜಾಹೀರಾತೋ, ಮೈನಸ್ 6 ಡೆಸಿಬಲ್ ದಾಟದಂತೆ ಇಡಿ. ಗುಂಯ್ ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.

ಚಿತ್ರಕ್ಕೆ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್-ಬಿ, 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆಯ ಹೆಣಿಗೆ) ಬಿಡಿಸದೆ. ಅಮೆರಿಕ, ಜಪಾನಿನ ಪದ್ಧತಿಯಾದ ಎನ್‌ಟಿಎಸ್‌ಸಿ ಆಯ್ದಿದ್ದರೆ ಚಿತ್ರ ಕಪ್ಪು-ಬಿಳುಪಾಗಿ ಉರುಳುತ್ತದೆ. ಟ್ರ್ಯಾಕಿಂಗ್ ಗುಂಡಿ ಚಿತ್ರಕ್ಕೆ ಮಾತ್ರ. ಅದನ್ನು ಎಷ್ಟು ತಿರುಗಿಸಿದರೂ ಈ ಧ್ವನಿ ಬದಲಾಗದು. ಚಿತ್ರ ಪೂರ್ತಿ ಹುಳಹುಳವಾದರೂ ಮಾತು ಕೇಳುತ್ತಿದ್ದರೆ ನಿಲ್ಲಿಸಬೇಡಿ, ಕೊನೆವರೆಗೂ ಹಿಡಿಯಿರಿ. ನಡುವೆ ಪಾಜ್ ಗುಂಡಿ ಒತ್ತಲೇಬಾರದು, ಡ್ರಮ್ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ.

ಮಾತು ಕಂಬಳಿಯ ಒಳಗಿನಿಂದ ಬಂದಂತೆ ಕೇಳುತ್ತಿದ್ದರೆ, ಹೆಡ್ ಸ್ವಚ್ಛವಾಗಿದ್ದೂ ಹಾಗಿದ್ದರೆ, ರೆಕಾರ್ಡ್ ಮಾಡಿದ ಯಂತ್ರದ ಧ್ವನಿ ಹೆಡ್ಡಿನ ಓರೆಯೂ ನಿಮ್ಮ ಯಂತ್ರದ್ದೂ ಬೇರೆಬೇರೆ ಎಂದರ್ಥ. ಧ್ವನಿ ಹೆಡ್ಡಿನ ತಳಪಟ್ಟಿಯ ಮೇಲೆ ಓರೆ ಹೊಂದಿಸುವ ಸ್ಕ್ರೂ ಇರುತ್ತದೆ. ಅದು ಯಾವುದೆಂದು ಖಾತ್ರಿಯಿಲ್ಲದಿದ್ದರೆ ಟಿವಿ ಮೆಕ್ಯಾನಿಕ್ ಕೈಗೆ ಕೊಡಿ. ಗೊತ್ತಿದ್ದರೆ ಮೊದಲು ಅದರ ಸ್ಥಾನಕ್ಕೆ ಮಾರ್ಕರಿನಿಂದ ಗುರುತು ಹಾಕಿ. ಶೀರ್ಷಿಕೆ ಗೀತೆ ಓಡುತ್ತಿರುವಾಗ ಎಂಟನೇ ಒಂದು ಸುತ್ತಿನಷ್ಟು ಆಚೆ, ಮತ್ತೆ ಈಚೆ. ತಾಳದ ಚಿಟಕಿ ಮೊದಲು ತಿಳಿಯಾಗುತ್ತದೆ, ಆಮೇಲೆ ಮಕ್ಕಳ ಕೋರಸ್‌ನಲ್ಲಿ ‘ಚ’ಕಾರ ಬಿಡಿಸಿ ಕೇಳತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ, ಟೇಪನ್ನು ಮೊದಲಿನಿಂದ ಹಿಡಿಯಿರಿ. ಇಡೀ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವ ಕ್ಷಣ ಬೇರೆ ಇಲ್ಲ. ಮುಗಿದ ಮೇಲೆ ಸ್ಕ್ರೂವನ್ನು ಗುರುತಿಗೆ ವಾಪಸ್ ತನ್ನಿ.

ಗದ್ದಲ ಕಳೆಯುವ ಫಿಲ್ಟರ್‌ಗಳನ್ನು ಮೂಲ ಫೈಲಿಗೆ ಹಾಕಬೇಡಿ, ಪ್ರತಿ ಮಾಡಿಕೊಂಡು ಅದರ ಮೇಲೆ ಪ್ರಯೋಗ ಮಾಡಿ. ಜಾಹೀರಾತನ್ನೂ ಕತ್ತರಿಸಬೇಡಿ. ಯಾವ ವರ್ಷದ ಪ್ರಸಾರ ಎಂಬುದಕ್ಕೆ ಅದೇ ಸಾಕ್ಷಿ.

ಸ್ವಚ್ಛ ಚಿತ್ರಕ್ಕೆ ಹಳೆ ದನಿ

ಡಿಸ್ಕಿನ ಚಿತ್ರವಿದ್ದರೆ ಮನೆಯಲ್ಲಿ ನೋಡಲು ಅದರ ಮೇಲೆ ಈ ದನಿಯನ್ನು ಕೂರಿಸಬಹುದು. ಆರಂಭದಲ್ಲಿ ತುಟಿ ಸರಿಹೊಂದಿ, ಹೋಗ್ತಾ ಹೋಗ್ತಾ ಸಮನಾಗಿ ಹಿಂದೆ ಮುಂದೆ ಆದರೆ ಅದು ವೇಗದ ವ್ಯತ್ಯಾಸ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25ರಲ್ಲಿ ಓಡಿಸಿದರೆ 25 ನಿಮಿಷದ ಕಂತು 24ಕ್ಕೇ ಮುಗಿಯುತ್ತದೆ, ದನಿಯೂ ತುಸು ಕೀಚಲು. ಆಡಾಸಿಟಿಯ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ನಲ್ಲಿ (ಹಳೆ ಆವೃತ್ತಿಯಲ್ಲಿ ‘ಚೇಂಜ್ ಸ್ಪೀಡ್’) ಶೇಕಡಾ ಮೈನಸ್ 4 ಕೊಟ್ಟರೆ ಸರಿಯಾಗುತ್ತದೆ. ಹಾಗಲ್ಲದೆ ಒಂದು ಜಾಗದಲ್ಲಿ ಥಟ್ಟನೆ ತಪ್ಪಿದರೆ ಅದು ಜಾಹೀರಾತಿಗಾಗಿ ಕತ್ತರಿಸಿದ ಜಾಗ. ಅಲ್ಲಿ ತುಂಡು ಮಾಡಿ ಸರಿಸಿ. ಹಕ್ಕು ಬೇರೆಯವರದು, ಇದನ್ನು ಹೊರಗೆ ಹಂಚಬಾರದು.

ಬೇರೆ ರೂಪದಲ್ಲಿದ್ದರೆ

ಟಿವಿ ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಹಾಡನ್ನಷ್ಟೇ ತುಂಬಿಕೊಂಡ ಆಡಿಯೋ ಕ್ಯಾಸೆಟ್‌ಗಳೂ ಇರುತ್ತವೆ. ಎಸೆಯಬೇಡಿ, ಅದರ ವೇಗ ಹೆಚ್ಚು, ಕೆಲವೊಮ್ಮೆ ಎಲ್‌ಪಿ ವಿಎಚ್‌ಎಸ್‌ಗಿಂತ ಅದರಲ್ಲೇ ಹಾಡು ತಿಳಿಯಾಗಿರುತ್ತದೆ. 2009ರಲ್ಲಿ ಕನ್ನಡದ ಮಕ್ಕಳ ವಾಹಿನಿ ಚಿಂಟು ಟಿವಿ ಬಂದ ಮೇಲೆ ಕನ್ನಡದಲ್ಲೇ ಕಾರ್ಟೂನ್ ನೋಡಿ ಬೆಳೆದವರ ರೆಕಾರ್ಡಿಂಗ್ ಡಿವಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಇರುತ್ತದೆ. ಡಿವಿಡಿಗೆ ಬೂಷ್ಟಿದ್ದರೆ ಸೌಮ್ಯ ಸೋಪುನೀರಲ್ಲಿ ತೊಳೆದು, ನಡುವಿನಿಂದ ಅಂಚಿನ ಕಡೆ ನೇರ ಒರೆಸಿ. ಸೆಟ್‌ಟಾಪ್ ಬಾಕ್ಸಿನಿಂದ ಪೆನ್‌ಡ್ರೈವಿಗೆ ಹೋದದ್ದು ಸಾಮಾನ್ಯವಾಗಿ ಆ ಬಾಕ್ಸಿನಲ್ಲಿ ಮಾತ್ರ ತೆರೆಯುತ್ತದೆ. ಹಾಗಾಗಿ ಡಿಶ್ ಬದಲಿಸುವಾಗ ಹಳೆ ಬಾಕ್ಸನ್ನು ವಾಪಸ್ ಕೊಡುವ ಮುಂಚೆ ಅದರ ಎವಿ ಔಟ್‌ನಿಂದಲೇ ಹಿಡಿದುಕೊಳ್ಳಿ.

ಇಡುವುದು

ಫೈಲಿನ ಹೆಸರಲ್ಲಿ ಕ್ಯಾಸೆಟ್ಟಿನ ಸಂಖ್ಯೆ, ಕಂತು, ಎಸ್‌ಪಿಯೋ ಎಲ್‌ಪಿಯೋ, ಹಿಡಿದ ದಿನಾಂಕ ಇರಲಿ. ಚೀಟಿಯ ಫೋಟೋ ಅದೇ ಫೋಲ್ಡರಿಗೆ. ಎರಡು ಹಾರ್ಡ್‌ಡಿಸ್ಕ್ ಮಾಡಿ, ಒಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣನ ಮನೆಯಲ್ಲಿರಲಿ. ಮಳೆಗಾಲದ ತೇವ ಅಲ್ಲಿಗೆ ತಲುಪದು. ಇಲ್ಲಿರುವುದನ್ನು ಸಿಲಿಕಾ ಜೆಲ್ ಡಬ್ಬದಲ್ಲಿಟ್ಟು ಆರು ತಿಂಗಳಿಗೊಮ್ಮೆ ಓಡಿಸಿ ನೋಡಿ. ಮೂಲ ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ನಿಲ್ಲಿಸಿ, ಅದೇ ಡಬ್ಬದಲ್ಲಿ ಮುಚ್ಚಿ. ಜೆಲ್ಲನ್ನು ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲೇ ಬದಲಿಸಬೇಕು. ಕೈಲ್ ಮುಹೂರ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲಲ್ಲಿ, ಇನ್ನೊಮ್ಮೆ ತೆರೆದು ಬಣ್ಣ ನೋಡಿ.